ಚಿಟಿಕೆಗೆ ಶೇಕಡಾ ಎರಡು

ದುಬಾರಿ ರೆಸ್ಟೋರೆಂಟುಗಳಲ್ಲಿ ನನಗೆ ಬಿಲ್ಲಿಗಿಂತ ವೇಟರ್ ಕಂಡರೆ ಭಯ. ಮಾಣಿ ಎನ್ನಲು ನಾಲಿಗೆ ಏಳುವುದಿಲ್ಲ; ಅವರ ಕೋಟು ನನ್ನ ಮದುವೆಯ ಕೋಟಿಗಿಂತ ಚೆನ್ನಾಗಿರುತ್ತದೆ. ಅವರು ಕುರ್ಚಿ ಎಳೆದು ಕೂರಿಸುತ್ತಾರೆ, ತೊಡೆಯ ಮೇಲೆ ಬಟ್ಟೆ ಹಾಸುತ್ತಾರೆ. ಐದು ವರ್ಷ ತುಂಬಿದ ಮೇಲೆ ನನಗೆ ಯಾರೂ ಈ ಉಪಚಾರ ಮಾಡಿದ್ದಿಲ್ಲ. ಪ್ರತಿಯೊಂದಕ್ಕೂ "ಥ್ಯಾಂಕ್ಯೂ" ಎನ್ನುತ್ತಾ ಹೋಗಿ, ಊಟ ಶುರುವಾಗುವ ಮೊದಲೇ ವಂದನಾರ್ಪಣೆ ಮುಗಿದಿರುತ್ತದೆ.

ಆ ದಿನ ಕರೆದುಕೊಂಡು ಹೋದವನು ಗೆಳೆಯ. "ಬಿಲ್ಲು ನನ್ನದು, ಟಿಪ್ಸ್ ನಿನ್ನದು" ಎಂದು ಒಪ್ಪಂದ. ಮನುಷ್ಯ ಒಳ್ಳೆಯವನು, ಆದರೆ ವೇಟರನ್ನು ಚಿಟಿಕೆ ಹೊಡೆದು ಕರೆಯುತ್ತಾನೆ. ಅವನು ಚಿಟಿಕೆ ಹೊಡೆದಾಗಲೆಲ್ಲ ನಾನು ಅವನ ಪರವಾಗಿ ಹಲ್ಲು ಕಿರಿದು, ಮನಸ್ಸಿನಲ್ಲೇ ಟಿಪ್ಸನ್ನು ಶೇಕಡಾ ಎರಡರಷ್ಟು ಏರಿಸುತ್ತಿದ್ದೆ. ಹತ್ತರಿಂದ ಶುರುವಾದದ್ದು ಸಿಹಿತಿಂಡಿಯ ಹೊತ್ತಿಗೆ ಹದಿನೆಂಟಕ್ಕೆ ಬಂದಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಟಿಪ್ಸಿನ ಮೇಲೆಯೇ ದಶಕಗಳ ಕಾಲ ಸಂಶೋಧನೆ ಮಾಡಿ, ಸೇವೆಯ ಗುಣಮಟ್ಟಕ್ಕೂ ಟಿಪ್ಸಿನ ಮೊತ್ತಕ್ಕೂ ಇರುವ ನಂಟು ತೀರ ಸಡಿಲ ಎಂದಿದ್ದಾರೆ. ನನ್ನನ್ನು ಕೇಳಿದ್ದರೆ ಒಂದೇ ಊಟದಲ್ಲಿ ಹೇಳಿಬಿಡುತ್ತಿದ್ದೆ.

ನಡುವೆ ನೀರು ಕುಡಿಯಲೆಂದು ಚಾಕು, ಫೋರ್ಕುಗಳನ್ನು ಅಕ್ಕಪಕ್ಕ ನೀಟಾಗಿ ಮಲಗಿಸಿದೆ. ಲೋಟ ಕೆಳಗಿಡುವಷ್ಟರಲ್ಲಿ ತಟ್ಟೆ ಮಾಯ! ಹಾಗೆ ಜೋಡಿಸಿಟ್ಟರೆ "ಊಟ ಮುಗಿಯಿತು" ಎಂದರ್ಥವಂತೆ. ತಿನ್ನುವುದು ಇನ್ನೂ ಬಾಕಿ ಇದ್ದರೆ ಓರೆಯಾಗಿ, ಬಾಗಿಲು ತೆರೆದಂತೆ ಇಡಬೇಕು. ಅರ್ಧ ಊಟ ಕಣ್ಣೆದುರೇ ಹೊರಟುಹೋಯಿತು. ಅದಕ್ಕೂ ಥ್ಯಾಂಕ್ಯೂ ಎಂದೆ.

ಬಿಲ್ಲಿನಲ್ಲಿ ಸೇವಾಶುಲ್ಕ ಆಗಲೇ ಸೇರಿತ್ತು. "ಮತ್ತೆ ಟಿಪ್ಸ್ ಯಾಕೆ?" ಎಂದ ಗೆಳೆಯ. ಸೇವಾಶುಲ್ಕ ಮಾಲೀಕರ ಲೆಕ್ಕಕ್ಕೆ ಜಮೆಯಾಗುವ ಹಣ, ಬಡಿಸಿದವರ ಜೇಬಿಗೆ ಅದು ತಲುಪಿತು ಎನ್ನುವ ಭರವಸೆ ಎಲ್ಲ ಕಡೆಯೂ ಇರುವುದಿಲ್ಲ ಎಂದು ವಾದಿಸಿದೆ. ವಾದದ ಹುಮ್ಮಸ್ಸಿನಲ್ಲೇ ನೋಟುಗಳನ್ನು ಮಡಚಿ, ಬಾಗಿಲ ಬಳಿ ನಿಂತಿದ್ದ ಕಪ್ಪು ಕೋಟಿನವರ ಕೈಕುಲುಕುವ ನೆಪದಲ್ಲಿ ಅಂಗೈಗೆ ಸೇರಿಸಿದೆ. ಅವರು ನೋಟು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಕೋಟನ್ನೇ ಅನುಮಾನದಿಂದ ನೋಡಿಕೊಂಡರು. ಪಾಪ, ಹೆಂಡತಿಗಾಗಿ ಕಾಯುತ್ತಿದ್ದ ಗಿರಾಕಿ.

ಹಣ ವಾಪಸು ಇಸಿದುಕೊಂಡು, ನಿಜವಾದ ವೇಟರನ್ನು ಹುಡುಕಿ ಕೊಟ್ಟೆ. ಅವಮಾನದ ಬಾಬ್ತು ಇನ್ನೆರಡು ಸೇರಿ ಶೇಕಡಾ ಇಪ್ಪತ್ತಾಗಿತ್ತು. ಅವರು ತಲೆಬಾಗಿ ನಕ್ಕರು. ಈ ಉದಾರಿಯನ್ನು ಇವರು ಮರೆಯಲಾರರು ಎಂದುಕೊಂಡು ಎದೆಯುಬ್ಬಿಸಿ ಹೊರಬಂದೆ.

ಛತ್ರಿಯನ್ನು ಒಳಗೇ ಬಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಮರಳಿದರೆ ಅದೇ ವೇಟರ್ ಅಪರಿಚಿತರಂತೆ "ಯಾವ ಟೇಬಲ್ ಸರ್?" ಎಂದರು. ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು 1927ರಲ್ಲೇ ಬರೆದಿದ್ದರು. ಬಿಲ್ಲು ತೀರುವ ತನಕ ಎಲ್ಲವನ್ನೂ ನೆನಪಿಟ್ಟು, ತೀರಿದೊಡನೆ ಮರೆಯುವ ವೇಟರುಗಳಿಂದಲೇ ಆ ಯೋಚನೆ ಹುಟ್ಟಿತಂತೆ. ನನ್ನ ಇಪ್ಪತ್ತು ಶೇಕಡಾ ನನ್ನ ಖಾತೆಯನ್ನು ಚೊಕ್ಕವಾಗಿ ಮುಚ್ಚಿಹಾಕಿತ್ತು.

ಮೂಲೆಯ ಟೇಬಲ್ ತೋರಿಸಿದೆ. ಅವರ ಮುಖ ಥಟ್ಟನೆ ಅರಳಿತು.

"ಓ, ಚಿಟಿಕೆ ಹೊಡೆಯುವವರ ಜೊತೆ ಬಂದಿದ್ದಿರಲ್ಲವೇ ಸರ್?"