ಫೋರ್ಕ್ ಕೊಳ್ಳುವ ಸಂಕಟ

ಚಾಮುಂಡಿ ಬೆಟ್ಟದ ತಪ್ಪಲಿನ ಮಣ್ಣುದಾರಿಗಳಲ್ಲಿ ಸೈಕಲ್ ತುಳಿಯುವ ನನಗೆ, ಹತ್ತು ಸಾವಿರ ರೂಪಾಯಿಯೊಳಗೆ ಮುಂದಿನ ಚಕ್ರವನ್ನು ಹಿಡಿದು ದಾರಿಯ ಹೊಡೆತ ನುಂಗುವ ಒಂದು ಸಸ್ಪೆನ್ಷನ್ ಫೋರ್ಕ್ ಆರಿಸುವುದು ಇಷ್ಟು ಸಂಕಟದ ಕೆಲಸವೆಂದು ತಿಳಿದಿರಲಿಲ್ಲ. ಮೈಸೂರಿನಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲೆಲ್ಲ 100 ಮಿಲಿಮೀಟರ್ ಟ್ರಾವೆಲ್ (ಫೋರ್ಕ್ ಕುಗ್ಗಬಲ್ಲ ದೂರ) ಎಂಬ ಒಂದೇ ಅಂಕಿಯನ್ನು ಮುಂದಿಡುತ್ತಾರೆ. ಆದರೆ ಕುಗ್ಗಿದ ಸ್ಪ್ರಿಂಗ್ ಮತ್ತೆ ಚಿಮ್ಮುವ ವೇಗವನ್ನು ಹಿಡಿದಿಡುವ ಎಣ್ಣೆಯ ಡ್ಯಾಂಪರ್ ಒಳಗಿದೆಯೇ ಎಂದು ಕೇಳಿದರೆ ಉತ್ತರವಿಲ್ಲ; ಅದಿಲ್ಲದ ಫೋರ್ಕ್ ಕಲ್ಲಿನ ಹೊಡೆತವನ್ನು ನುಂಗಿದಂತೆ ಮಾಡಿ ಮರುಕ್ಷಣವೇ ಅದನ್ನು ಸವಾರನ ಅಂಗೈಗೆ ಹಿಂದಿರುಗಿಸುತ್ತದೆ.

ಗಾಳಿ ತುಂಬುವ ಫೋರ್ಕು ಹಗುರ, ನಮ್ಮ ತೂಕಕ್ಕೆ ತಕ್ಕಂತೆ ಪಂಪಿನಿಂದಲೇ ಹೊಂದಿಸಬಹುದು, ಆದರೆ ಬೆಲೆ ಕೈಗೆಟುಕುವುದಿಲ್ಲ. ಅದಕ್ಕಿಂತ ನೋಯಿಸುವುದು ಅಳತೆಗಳ ಗೋಜಲು. ನನ್ನ ಹಳೆಯ ಫ್ರೇಮಿಗೆ ಹೊಂದುವುದು ಮೇಲಿನಿಂದ ಕೆಳಗಿನವರೆಗೆ 28.6 ಮಿಲಿಮೀಟರ್ ವ್ಯಾಸವಿರುವ ನೇರ ಸ್ಟೀರರ್, ಅಂದರೆ ಫೋರ್ಕಿನಿಂದ ಫ್ರೇಮಿನೊಳಗೆ ಹಾದು ಹ್ಯಾಂಡಲ್‌ವರೆಗೆ ಹೋಗುವ ಕೊಳವೆ, ಮಾತ್ರ. ಈಚಿನ ಒಳ್ಳೆಯ ಫೋರ್ಕುಗಳಲ್ಲಿ ಹೆಚ್ಚಿನವುಗಳ ಸ್ಟೀರರ್ ಬುಡದಲ್ಲಿ ಒಂದೂವರೆ ಇಂಚಿಗೆ ಅಗಲವಾಗುತ್ತದೆ, ಅವುಗಳ ಆಕ್ಸಲ್ 15 ಮಿಲಿಮೀಟರ್ ದಪ್ಪದ್ದಾದ್ದರಿಂದ ಅದು ಹಾಯುವ ಮುಂದಿನ ಚಕ್ರದ ನಡುಭಾಗವಾದ ಹಬ್ಬನ್ನೂ ಬದಲಿಸಬೇಕಾಗುತ್ತದೆ.

“ಎಲ್ಲಾ ಒಂದೇ ಸಾರ್, ಕೂರುತ್ತೆ” ಎಂಬ ಮಾತನ್ನು ನಂಬಿ ತಂದ ಫೋರ್ಕಿನ ಸ್ಟೀರರ್ ಮೊದಲೇ ಗಿಡ್ಡವಾಗಿ ಕತ್ತರಿಸಲ್ಪಟ್ಟಿತ್ತು. ಅದನ್ನು ಹಿಂದಕ್ಕೆ ಪಡೆಯಲು ಅಂಗಡಿಯವರು ಒಪ್ಪುತ್ತಿಲ್ಲ.