ಟಕ್ ಟಕ್, ತೇಗ!

ಮೊಬೈಲಿನ ಗುಂಪಿಗೆ ಮೇಜಿನ ಫೋಟೋ ಬರುತ್ತದೆ. ರಾತ್ರಿ ಹಳದಿ ಬಲ್ಬಿನ ಕೆಳಗೆ, ನಡುಗುವ ಕೈಯಲ್ಲಿ ತೆಗೆದದ್ದು. ಮರದ ಮೇಲೆ ಮೂರು ಕೋಟು ಪಾಲಿಶ್, ಪಾಲಿಶ್ ಮೇಲೆ ಬಲ್ಬಿನ ಪ್ರತಿಬಿಂಬ, ಮೂಲೆಯಲ್ಲಿ ತೆಗೆದವರ ಕಾಲಿನ ಹೆಬ್ಬೆರಳು. ಕೆಳಗೊಂದು ಸಾಲು: ‘ಇದು ಯಾವ ಮರ? ಸ್ವಲ್ಪ ಅರ್ಜೆಂಟ್.’ ಹೆಬ್ಬೆರಳಿನ ಬಗ್ಗೆ ಬೇಕಾದರೆ ನಾಲ್ಕು ಮಾತು ಹೇಳಬಹುದು, ಮರ ಕಂಡರೆ ತಾನೆ! ಆದರೂ ಉತ್ತರಕ್ಕೆ ಬರವಿಲ್ಲ. ಒಬ್ಬರು ಬೀಟೆ ಅನ್ನುತ್ತಾರೆ, ಒಬ್ಬರು ‘ಒಳ್ಳೇ ಮರ’ ಅನ್ನುತ್ತಾರೆ, ಬಹುಮತ ಮಾತ್ರ ತೇಗಕ್ಕೆ. ಭೂಮಿಯ ಮೇಲೆ 60,000ಕ್ಕೂ ಹೆಚ್ಚು ಜಾತಿಯ ಮರಗಳಿವೆಯಂತೆ. ಮೇಜು ಕುರ್ಚಿಯಾದ ಮೇಲೆ ಎಲ್ಲವೂ ತೇಗವೇ.

ಫೋಟೋದವರನ್ನಾದರೂ ಸಹಿಸಬಹುದು. ಬಡಿದು ನೋಡುವವರಿದ್ದಾರಲ್ಲ, ಅವರ ಗತ್ತೇ ಬೇರೆ. ಒಳಗೆ ಬರುವ ಮೊದಲೇ ಬಾಗಿಲಿಗೆ ಬೆರಳ ಗೆಣ್ಣಿನಿಂದ ಟಕ್ ಟಕ್. ತಲೆ ಒಂದು ಕಡೆ ವಾಲುತ್ತದೆ, ಕಣ್ಣು ಅರೆಮುಚ್ಚುತ್ತದೆ, ಹಲಗೆಯೊಳಗಿಂದ ಯಾರೋ ಗುಟ್ಟು ಹೇಳುತ್ತಿರುವ ಹಾಗೆ. ಖಾತ್ರಿಗೆ ಇನ್ನೊಂದು ಟಕ್. ‘ತೇಗ. ಸಂಶಯವೇ ಬೇಡ.’ ಅಲ್ಲಿಂದ ಮುಂದೆ ಕುರ್ಚಿ, ಕಪಾಟು, ಕಿಟಕಿ, ಒಂದನ್ನೂ ಬಿಡುವುದಿಲ್ಲ. ಸದ್ದು ಹೇಳುವುದು ಹಲಗೆ ಎಷ್ಟು ದಪ್ಪ, ಎಷ್ಟು ಉದ್ದ, ಎಷ್ಟು ಒಣಗಿದೆ, ಎಲ್ಲಿ ಬಿಗಿದಿದ್ದಾರೆ ಎನ್ನುವುದನ್ನು. ಹುಳು ತಿಂದು ಟೊಳ್ಳಾಗಿದ್ದರೆ ಅದನ್ನೂ ಹೇಳೀತು, ಅಷ್ಟರ ಮಟ್ಟಿಗೆ ಒಪ್ಪೋಣ. ಜೈಲೋಫೋನಿನಲ್ಲಿ ಒಂದೇ ಮರದ ಪಟ್ಟಿಗಳನ್ನು ಬೇರೆ ಬೇರೆ ಉದ್ದಕ್ಕೆ ಕೊಯ್ದು ಜೋಡಿಸಿದರೆ ಸ್ವರವೇ ಬೇರೆ ಬೇರೆ. ಅದನ್ನು ಇವರ ಮುಂದಿಟ್ಟರೆ ಸ್ವರಕ್ಕೊಂದು ಜಾತಿ ಹೇಳಿಯಾರು. ‘ಇದು ಮರದ ಪುಡಿ ಒತ್ತಿ ಮಾಡಿದ ಹಲಗೆ, ಸಾರ್’ ಅಂದರೂ ಜಗ್ಗುವವರಲ್ಲ: ‘ಪುಡಿ ತೇಗದ್ದೇ ಇರಬೇಕು.’

ಬಣ್ಣ ನೋಡಿ ಹೇಳುವವರಿಗೆ ಮರವೇ ಟೋಪಿ ಹಾಕುತ್ತದೆ. ಹಲಸಿನ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಮರ, ಕೊಯ್ದ ಹೊಸದರಲ್ಲಿ ಹಳದಿ, ಗಾಳಿ ಬೆಳಕಿಗೆ ಹಳತಾದಂತೆ ಕೆಂಗಂದು. ಪರ್ಪಲ್‌ಹಾರ್ಟ್ ಎಂಬ ಹೊರದೇಶದ ಮರ ಕೊಯ್ದಾಗ ಮಾಸಲು ಕಂದು, ಆಮೇಲೆ ನೇರಳೆ, ಇನ್ನೂ ಕಾಲ ಸರಿದರೆ ಮತ್ತೆ ಕಂದು. ಚೇಗಿನ ಸುತ್ತಲಿನ ಬಿಳಿಮರ ಹೆಚ್ಚುಕಡಿಮೆ ಎಲ್ಲ ಜಾತಿಯಲ್ಲೂ ತೆಳು ಬಣ್ಣದ್ದೇ. ಮರಕ್ಕೆ ಬಳಿಯುವ ಬಣ್ಣ, ಸ್ಟೇನ್, ಬಳಿದರಂತೂ ರಬ್ಬರ್ ಮರವೂ ಬೀಟೆಯೇ. ಗೆರೆಗಳನ್ನೂ ನಂಬುವಂತಿಲ್ಲ, ಒಂದೇ ದಿಮ್ಮಿಯನ್ನು ಒಂದು ದಿಕ್ಕಿಗೆ ಸೀಳಿದರೆ ನೇರ ಗೆರೆ, ಇನ್ನೊಂದು ದಿಕ್ಕಿಗೆ ಸೀಳಿದರೆ ಬೆಟ್ಟದ ಸಾಲು.

ನೋಡಬೇಕಾದ್ದು ಅಡ್ಡ ಕೊಯ್ದ ತುದಿಯನ್ನು. ಗರಗಸ ಆಡಿದ ಜಾಗದಲ್ಲಿ ನಾರು ಹರಿದು, ಮರದೊಳಗೆ ನೀರು ಸಾಗುವ ಕೊಳವೆಗಳ ತೂತುಗಳಲ್ಲಿ ಹೊಟ್ಟು ತುಂಬಿ ಏನೂ ಕಾಣದು. ಸ್ಯಾಂಡ್ ಪೇಪರ್ ಉಜ್ಜಿದರೆ ಇನ್ನಷ್ಟು ಪುಡಿ. ಹೊಸ ಬ್ಲೇಡಿನಿಂದ ಉಗುರಿನಷ್ಟು ಜಾಗವನ್ನು ಒಂದೇ ಎಳೆತದಲ್ಲಿ ತೆಳ್ಳಗೆ ಸವರಬೇಕು. ಗಟ್ಟಿ ಮರವಾದರೆ ಮೊದಲು ಒದ್ದೆ ಬಟ್ಟೆ ಒತ್ತಿಡಬೇಕು. ಆಮೇಲೆ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ. ಅದನ್ನು ಕಣ್ಣಿಗೆ ತಾಗಿದಂತೆ ಹಿಡಿದು, ಮರವನ್ನು ಸುಮಾರು ಎರಡೂವರೆ ಸೆಂಟಿಮೀಟರ್ ಹತ್ತಿರಕ್ಕೆ ತರಬೇಕು. ಜನ ಇದನ್ನೂ ಉಲ್ಟಾ ಮಾಡುತ್ತಾರೆ, ಗಾಜನ್ನು ಮರದ ಮೇಲಿಟ್ಟು ಪತ್ತೇದಾರರಂತೆ ದೂರದಿಂದ ಇಣುಕುತ್ತಾರೆ.

ತೂತುಗಳೇ ಇಲ್ಲದಿದ್ದರೆ ಅದು ಪೈನ್, ದೇವದಾರುಗಳ ಗುಂಪು. ಬೆಳವಣಿಗೆಯ ಉಂಗುರದ ಆರಂಭದಲ್ಲಿ ದೊಡ್ಡ ತೂತುಗಳ ಸಾಲಿದ್ದು ಆಮೇಲೆ ಸಣ್ಣದಾಗುತ್ತ ಹೋದರೆ ತೇಗ, ಓಕ್‌ಗಳ ಕಡೆ ಯೋಚಿಸಬಹುದು. ಮಾವಿನಲ್ಲಿ, ಮೇಪಲ್‌ನಲ್ಲಿ ತೂತುಗಳು ಎಲ್ಲ ಕಡೆ ಒಂದೇ ಸಮನೆ ಚದುರಿರುತ್ತವೆ. ಓಕ್ ಆದರೆ ನಡುವಿನಿಂದ ಹೊರಟ, ಚಕ್ರದ ಅರೆಗಳಂಥ ಅಗಲವಾದ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಕೆಂಪು ಓಕ್‌ನ ಸಣ್ಣ ತುಂಡಿನ ಒಂದು ತುದಿ ನೀರಲ್ಲದ್ದಿ ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಏಳುತ್ತದೆ. ಬಿಳಿ ಓಕ್‌ನ ಚೇಗಿನಲ್ಲಿ ಆ ಕೊಳವೆಗಳು ಕಟ್ಟಿಕೊಂಡಿರುತ್ತವೆ, ಪೀಪಾಯಿಗೆ ಅದನ್ನೇ ಆರಿಸುವುದು ಅದಕ್ಕೇ.

ಹೀಗೆ ಇಣುಕುವಾಗ ಉಂಗುರಗಳು ಎಣಿಕೆಗೂ ಸಿಗುತ್ತವೆ. ಅಗಲ, ಅಗಲ, ಆಮೇಲೆ ನಾಲ್ಕಾರು ಒತ್ತೊತ್ತಾಗಿ. ಮಳೆ ಕೈಕೊಟ್ಟ ವರ್ಷಗಳಿರಬಹುದು, ಪಕ್ಕದ ದೊಡ್ಡ ಮರ ಬಿಸಿಲು ಕಸಿದುಕೊಂಡ ವರ್ಷಗಳೂ ಇರಬಹುದು. ಅದನ್ನೆಲ್ಲ ದಾಟಿ ಬೆಳೆದದ್ದು ಈಗ ಟಿವಿ ಸ್ಟ್ಯಾಂಡಿನ ಕಾಲು, ಅದರ ಹೆಸರೂ ಯಾರಿಗೂ ಗೊತ್ತಿಲ್ಲ.

ಬಿಡಿ ತುಂಡು ಸಿಕ್ಕರೆ ತೂಕ ನೋಡಬಹುದು: ಗ್ರಾಂ ಲೆಕ್ಕದ ತೂಕವನ್ನು ಘನ ಸೆಂಟಿಮೀಟರ್ ಲೆಕ್ಕದ ಗಾತ್ರದಿಂದ ಭಾಗಿಸಿ. ಒಣ ತೇಗ 0.65ರ ಆಸುಪಾಸು, ಬೀಟೆ 0.8 ದಾಟುತ್ತದೆ. ಹಸಿ ಮರವಾದರೆ ಈ ಲೆಕ್ಕ ನೀರಿನ ಪಾಲು. ಹೊನ್ನೆಯ ಚೇಗಿನ ಹೊಟ್ಟನ್ನು ನೀರಲ್ಲಿ ನೆನೆಸಿದರೆ ನೀರು ಬಿಸಿಲಿಗೆ ನೀಲಿಯಾಗಿ ಮಿಂಚುತ್ತದೆ. ಎಲ್ಲ ಮರಗಳೂ ಇಷ್ಟು ಧಾರಾಳಿಗಳಾಗಿದ್ದರೆ!

ಇಷ್ಟೆಲ್ಲ ಮಾಡಿದರೂ ಎಷ್ಟೋ ಸಲ ಸಿಗುವುದು ಕುಲದ, ಅಂದರೆ ಹತ್ತಿರದ ಜಾತಿಗಳ ಗುಂಪಿನ, ಹೆಸರಷ್ಟೇ, ಜಾತಿಯದ್ದಲ್ಲ. ಮರದ ಒಳರಚನೆ ಓದುವ ತಜ್ಞರ ಅಂತರರಾಷ್ಟ್ರೀಯ ಸಂಘ 1989ರಲ್ಲಿ ಅಗಲ ಎಲೆಯ ಮರಗಳಿಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ 163 ಲಕ್ಷಣಗಳ ಪಟ್ಟಿ ಪ್ರಕಟಿಸಿತು. ಅದರಲ್ಲಿ ಗೆಣ್ಣಿಗೆ ಜಾಗವಿಲ್ಲ.

ಬ್ಲೇಡ್ ಹಿಡಿಯುವ ಮೊದಲು ಅಂಚನ್ನೊಮ್ಮೆ ನೋಡಿ. ಮೇಲಿನ ಗೆರೆ ಅಂಚಿನಲ್ಲಿ ಮುಂದುವರಿಯದೆ ಅಲ್ಲಿಗೇ ನಿಂತರೆ ಅದು ಮೇಲೆ ಅಂಟಿಸಿದ ಅರ್ಧ ಮಿಲಿಮೀಟರಿನ ಮರದ ಪದರ, ವೆನೀರ್, ಇರಬಹುದು, ಉಜ್ಜಿದರೆ ಒಳಗಿನ ಪ್ಲೈವುಡ್ ಹಲ್ಲು ಕಿರಿಯುತ್ತದೆ. ಒಂದೇ ಗಂಟು, ಒಂದೇ ಆಕಾರ, ಸಮ ಅಂತರದಲ್ಲಿ ಮತ್ತೆ ಮತ್ತೆ ಕಂಡರೆ ಭೂತಗನ್ನಡಿ ಒಳಗಿಡಿ. ಅದು ಯಾವ ಮರ ಅಂತ ಹೇಳಬೇಕಾದವರು ಪ್ರಿಂಟಿಂಗ್ ಪ್ರೆಸ್ಸಿನವರು.