ಕಲಿಸುವವರೇ ಮಾರ್ಕ್ಸ್ ಹಾಕಿದರೆ ಮಕ್ಕಳು ಬಾಯಿ ಬಿಡುವುದು ಹೇಗೆ?

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ, ಬಂದರೆ ಹಬ್ಬ. ಪೋಸ್ಟರ್ ಸ್ಪರ್ಧೆ, ಒಂದು ಕಿರುನಾಟಕ, ಗ್ರೂಪ್ ಫೋಟೋ. ಸೈಕಿಯಾಟ್ರಿ ಪೋಸ್ಟಿಂಗ್‌ನಲ್ಲಿ, ಅಂದರೆ ಮನೋರೋಗ ವಾರ್ಡಿನ ತರಬೇತಿಯಲ್ಲಿ, ಊರವರ ಖಿನ್ನತೆ ಬಗ್ಗೆ ಕೇಸ್ ಸ್ಟಡಿ ಬರೆಯುವ ಮಕ್ಕಳನ್ನು ಮಾತ್ರ 'ನೀನು ಹೇಗಿದ್ದೀಯಮ್ಮ' ಅಂತ ಕೇಳುವವರು ಕಡಿಮೆ.

ನಾನು ಓದಿದ್ದು ಬೆಂಗಳೂರಿನಲ್ಲಿ. ಈಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ವಾರ್ಡಿಗೆ ಬರುವ ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗಿದೆ. ಇಲ್ಲಿ ವಿದ್ಯಾರ್ಥಿಯನ್ನು ಸಿಬ್ಬಂದಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನರ್ಸ್ ಒಬ್ಬರು ರಜಾ ಹಾಕಿದರೆ ಆ ಜಾಗ ತುಂಬಲು ಅವಳನ್ನು ನಿಲ್ಲಿಸಬಾರದು. ಜನ ಕಡಿಮೆ ಇರುವ ದಿನ ಈ ನಿಯಮ ಸ್ವಲ್ಪ ಬಾಗುತ್ತದೆ, ನಿಜ. ಆದರೂ 'ನಾನು ಕಲಿಯಲು ಬಂದವಳು' ಅಂತ ಹೇಳಲು ಅವಳಿಗೆ ಒಂದು ಆಧಾರವಿದೆ. ನಮ್ಮ ಕಾಲದ ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡಿಗೆ ಒಬ್ಬರು ಸ್ಟಾಫ್ ಸಿಸ್ಟರ್, ಉಳಿದದ್ದೆಲ್ಲ ನಾವೇ.

ನನಗೆ ಇದಕ್ಕಿಂತ ದೊಡ್ಡದು ಅನಿಸಿದ್ದು ಇನ್ನೊಂದು ನಿಯಮ. 2018ರಲ್ಲಿ ಬಂದದ್ದು. ಅದರ ಪ್ರಕಾರ ವಾರ್ಡಿನಲ್ಲಿ ದಿನಾ ಕಲಿಸುವವರೇ ಪಾಸು-ಫೇಲು ತೀರ್ಮಾನಿಸುವ ಹಾಗಿಲ್ಲ. ಅದಕ್ಕೆ ಬೇರೆ ಅಸೆಸರ್, ಅಂದರೆ ಮೌಲ್ಯಮಾಪನ ಮಾಡುವವರು, ಇರುತ್ತಾರೆ. ನನ್ನ ಅಭಿಪ್ರಾಯ ಕೇಳುತ್ತಾರೆ, ಕೊನೆಯ ಸಹಿ ಅವರದು. ಹಾಗಾಗಿ ಹುಡುಗಿ ನನ್ನ ಹತ್ತಿರ ಬಂದು 'ಈ ಡೋಸ್ ಲೆಕ್ಕ ತಲೆಗೆ ಹತ್ತಲಿಲ್ಲ, ಇನ್ನೊಂದ್ಸಲ ತೋರಿಸಿ' ಅನ್ನುತ್ತಾಳೆ. ಅಳು ಬಂದರೆ ಅಳುತ್ತಾಳೆ.

ನಮ್ಮಲ್ಲಿ? ವಾರ್ಡಿನಲ್ಲಿ ಕಲಿಸುವ ಮೇಡಂ ಅವರೇ, ನಾವು ಮಾಡಿ ಕಲಿತ ಕೆಲಸ ಬರೆದಿಡುವ ಪ್ರೊಸೀಜರ್ ಬುಕ್ಕಿಗೆ ಸಹಿ ಅವರದೇ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ. ಕೆಲವು ಕಡೆ ಹಾಸ್ಟೆಲ್ ವಾರ್ಡನ್ನೂ ಅವರೇ! ಅವರೆದುರು ಹೋಗಿ 'ಮೇಡಂ, ನಿದ್ದೆ ಬರ್ತಿಲ್ಲ, ವಾರ್ಡಿಗೆ ಹೋಗಕ್ಕೆ ಭಯ' ಅಂತ ಯಾರು ಹೇಳುತ್ತಾರೆ? ಮೇಡಂ ಒಳ್ಳೆಯವರೇ ಇರಬಹುದು. ಆದರೆ ಅವರ ಕೈಯಲ್ಲಿ ಪೆನ್ನಿದೆ, ಅಲ್ವಾ?

2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯದೇ. ಆದರೆ ರಾತ್ರಿ ಫೋನ್ ಕಿತ್ತಿಟ್ಟುಕೊಳ್ಳುವ ಹಾಸ್ಟೆಲಿನಲ್ಲಿ ಆ ನಂಬರ್ ಸುಮ್ನೆ ನೋಟಿಸ್ ಬೋರ್ಡಿನಲ್ಲಿರುತ್ತದೆ.

ಇಂಗ್ಲೆಂಡಿನ ಮಕ್ಕಳು ಸುಖವಾಗಿದ್ದಾರೆ ಅಂತಲ್ಲ. 2017ರಲ್ಲಿ ಹೊಸದಾಗಿ ಸೇರುವವರ ಬರ್ಸರಿ (ಓದಲು ಸರ್ಕಾರ ಕೊಡುತ್ತಿದ್ದ ಹಣ) ತೆಗೆದರು, ಫೀಸಿಗೆ ಸಾಲವೇ ಗತಿಯಾಯಿತು. 2020ರಿಂದ ವರ್ಷಕ್ಕೆ 5,000 ಪೌಂಡ್ ನೆರವು ಬಂತು, ಅದು ಬಾಡಿಗೆಗೂ ಸಾಲದು. ಮೂರು ವರ್ಷದಲ್ಲಿ 2,300 ಗಂಟೆ ಪ್ರಾಕ್ಟೀಸ್ ಮುಗಿಸಬೇಕು. ಅದರ ಮೇಲೆ ಹೊಟ್ಟೆಪಾಡಿಗೆ ಶನಿವಾರ ಭಾನುವಾರ ಕೇರ್ ಹೋಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ರೋಗಿ ಕಣ್ಣೆದುರೇ ತೀರಿಹೋದ ದಿನವೂ ಬಸ್ ಹಿಡಿದು ಒಬ್ಬಳೇ ಇರುವ ರೂಮಿಗೆ ಹೋಗಬೇಕು. ನಮ್ಮ ಹಾಸ್ಟೆಲಿನಲ್ಲಿ ಅಂಥ ರಾತ್ರಿ ಯಾರೂ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಕೊಪ್ಪಳದವಳು ಚಟ್ನಿಪುಡಿ ಡಬ್ಬಿ ತೆಗೆಯುತ್ತಿದ್ದಳು, ಕೊಟ್ಟಾಯಂನವಳು ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಬಟ್ಟೆ ಒಗೆಯಲು ಕ್ಯೂ ನಿಲ್ಲುವ ಅದೇ ಹಾಸ್ಟೆಲ್, ಬೇಸಿನ್ ತುಂಬಾ ತಲೆಕೂದಲು. ಆದರೂ ಆ ವಿಷಯದಲ್ಲಿ ನಾವೇ ಮೇಲು.

ಇಂಗ್ಲೆಂಡಿನ ಸಾಲ ನಮಗೆ ಬೇಡ. ಸಿಬ್ಬಂದಿ ಲೆಕ್ಕದ ನಿಯಮ ತರಲು ಆಸ್ಪತ್ರೆಗಳು ಜಾಸ್ತಿ ನರ್ಸ್‌ಗಳನ್ನು ತೆಗೆದುಕೊಳ್ಳಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ಒಂದು ಬ್ಯಾಚಿನ ಕ್ಲಿನಿಕಲ್ ಮಾರ್ಕ್ಸನ್ನು ಇನ್ನೊಂದು ಬ್ಯಾಚಿನ ಮೇಡಂ ಹಾಕಬಹುದಲ್ಲ? ಅದಕ್ಕೆ ಖರ್ಚಿಲ್ಲ. ಮುಂದಿನ ಸೆಮಿಸ್ಟರಿನಿಂದಲೇ ಶುರು ಮಾಡಬಹುದು.